ಮೈದುನನಿಗೆ ನಾನು ತಪ್ಪಾಗಿ ಕಲಿಸಿದ ವಿಜ್ಞಾನ

ನಾಗರಾಜ, ಸೈನ್ಯದ ಪರೀಕ್ಷೆಯಲ್ಲಿ ನೀನಾಗಿ ಫೇಲಾಗಲಿಲ್ಲ — ನಾನು ಫೇಲು ಮಾಡಿಸಿದೆ. ತಿಳಿಯದೆ ಅಲ್ಲ, ಬೇಕೆಂದೇ.

ಚೀನಾ ಯುದ್ಧ ಮುಗಿದ ಮರುವರ್ಷ. ಮಧುಗಿರಿಯ ಮನೆಯಲ್ಲಿ ಅತ್ತೆ, ನಾನು, ನೀನು. ನಿಮ್ಮಣ್ಣನಿಗೆ ಪಾವಗಡದಲ್ಲಿ ಕೆಲಸ; ಶನಿವಾರದ ಬಸ್ಸಿಗೆ ಬಂದು ಸೋಮವಾರ ಹೊರಟುಬಿಡುತ್ತಿದ್ದರು. ನಿನಗೆ ಸೈನ್ಯದ ತಾಂತ್ರಿಕ ವಿಭಾಗ ಸೇರುವ ಆಸೆ. ಬೆಂಗಳೂರಿನಿಂದ ತರಿಸಿದ ಸಾಮಾನ್ಯ ವಿಜ್ಞಾನದ ಗೈಡು ಇಂಗ್ಲಿಷಿನಲ್ಲಿತ್ತು. ಅತ್ತಿಗೆ ಕಾನ್ವೆಂಟಿನಲ್ಲಿ ಓದಿದವಳು ಎಂದು ನನ್ನ ಮುಂದೆ ತಂದಿಟ್ಟೆ. ನಾನು ಅವರೆಕಾಯಿ ಸುಲಿಯುತ್ತಾ ಅದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ನೀನು ಕಂಬಕ್ಕೊರಗಿ ಕಣ್ಣುಮುಚ್ಚಿ ಬಾಯಿಪಾಠ ಮಾಡುತ್ತಿದ್ದೆ.

ಅತ್ತೆ ಒಂದು ದಿನ ನನ್ನ ಕೈಹಿಡಿದುಕೊಂಡರು. "ಗಡೀಲಿ ಏನಾದ್ರೂ ಆದ್ರೆ ಹೆಂಗಮ್ಮ? ನಿನ್ ಮಾತಂದ್ರೆ ಕೇಳ್ತಾನೆ. ಹೋಗ್ಬೇಡ ಅಂತ ನೀನಾದ್ರೂ ಹೇಳು."

ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ, ಹತ್ತಾರು ಸರಿಯುತ್ತರಗಳ ನಡುವೆ ಅಲ್ಲೊಂದು ಇಲ್ಲೊಂದು ತಿರುಚಿದೆ. ಹುಳಿ ತಾಗಿದರೆ ಕೆಂಪಾಗುವ ಲಿಟ್ಮಸ್ ಕಾಗದ ನೀಲಿಯಾಗುತ್ತದೆ ಎಂದೆ. ಬಿಸಿಲುಗಾಲದಲ್ಲಿ ಲೋಲಕದ ಗಡಿಯಾರ ಮುಂದೆ ಓಡುತ್ತದೆ ಎಂದೆ.

ಆಗ ನೀನು ಕಣ್ಣು ತೆರೆದೆ. "ಇಲ್ಲ ಅತ್ತಿಗೆ, ನಮ್ ಗೋಡೆ ಗಡಿಯಾರ ಬೇಸ್ಗೇಲಿ ಹಿಂದೆ ಬೀಳ್ತದೆ. ಪಕ್ಕದ್ಮನೆ ರೇಡಿಯೋ ಕೇಳ್ಕೊಂಡು ನಾನೇ ಸರಿ ಮಾಡೋದಲ್ವಾ?"

ಬಿಸಿಗೆ ಲೋಲಕದ ಕಡ್ಡಿ ಉದ್ದವಾಗಿ ಗಡಿಯಾರ ನಿಧಾನವಾಗುತ್ತದೆ — ಗೈಡಿನಲ್ಲೂ ಹಾಗೇ ಇತ್ತು, ನನ್ನ ಬೆರಳು ಆ ಸಾಲಿನ ಮೇಲೇ ಇತ್ತು. ಪುಸ್ತಕವಿಲ್ಲದೆ ನೀನದನ್ನು ಕಂಡುಕೊಂಡಿದ್ದೆ.

"ಅದು ಹಳೇ ಗಡಿಯಾರ ಕಣೋ, ಕೆಟ್ಟಿದೆ," ಎಂದೆ.

"ಕಾನ್ವೆಂಟಿನೋರು ಹೇಳಿದ್ಮೇಲೆ ಮುಗೀತು ಬುಡಿ," ಎಂದು ನೀನು ನಕ್ಕೆ. ನಿನ್ನ ಕಣ್ಣನ್ನು ಬಿಟ್ಟು ನನ್ನ ಮಾತನ್ನು ನಂಬಿದೆ.

ಪರೀಕ್ಷೆ ಮುಗಿಸಿ ಬೆಂಗಳೂರಿನಿಂದ ಮರಳಿದ ಸಂಜೆ, ನಾನು ಇಸ್ತ್ರಿ ಮಾಡಿಕೊಟ್ಟ ಅಂಗಿ ಬಿಚ್ಚುವ ಮೊದಲೇ ನೀನು ಹೇಳಿದೆ: "ನನ್ ಉತ್ರ ಕೇಳಿ ಆಫೀಸರ್ರು ನಕ್ಬುಟ್ರು ಅತ್ತಿಗೆ. ನೀವು ಸರಿಯಾಗೇ ಹೇಳ್ಕೊಟ್ಟಿರ್ತೀರಿ, ನಾನೇ ಹಿಂದುಮುಂದು ಮಾಡ್ಕೊಂಡೆ. ನನ್ ತಲೆಗೆ ಇವೆಲ್ಲ ಹತ್ತಲ್ಲ."

ಆಗಲೇ ಬಾಯಿ ಬಿಡಬೇಕಿತ್ತು. ತಟ್ಟೆಗೆ ಅನ್ನ ಬಡಿಸಿದೆ — ನೀನು ಅರ್ಧ ಬಿಟ್ಟು ಎದ್ದೆ. ಆಮೇಲೆ ಪುಸ್ತಕ ಮುಟ್ಟಲಿಲ್ಲ. ಕಡಲೆಕಾಯಿ ಮಂಡಿಯಲ್ಲಿ ತೂಕ ಹಾಕುವ ಕೆಲಸಕ್ಕೆ ಸೇರಿದೆ.

ಅತ್ತೆಗಾಗಿ ಮಾಡಿದೆ ಎಂದರೆ ಅದೂ ಸುಳ್ಳಾಗುತ್ತದೆ. ಅವರು ಕೇಳಿದ್ದು ಬುದ್ಧಿಮಾತು, ಮೋಸವಲ್ಲ. ಆ ಮನೆಯಲ್ಲಿ ನನ್ನೊಡನೆ ಕೂತು ಮಾತಾಡುತ್ತಿದ್ದವನು ನೀನೊಬ್ಬನೇ. ನೀನು ಹೋದರೆ ನನ್ನ ಹಗಲುಗಳು ಹೇಗಿರುತ್ತವೆಂದು ನನಗೆ ಭಯವಿತ್ತು, ಅಷ್ಟೆ.

ನೀನು ಜೀವಂತವಾಗಿ ಉಳಿದೆಯಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡೆ. ಆದರೆ ಮೊನ್ನೆ ನಿನ್ನ ಮೊಮ್ಮಗಳು ಏನೋ ಲೆಕ್ಕ ಕೇಳಿದಾಗ ನೀನು, "ನಾನು ದಡ್ಡ ಕಣಮ್ಮ, ದೊಡ್ಡಜ್ಜೀನ ಕೇಳು" ಎಂದು ನನ್ನ ಕಡೆ ಕೈತೋರಿಸಿದೆ. ನೀನು ದಡ್ಡನೆಂದು ಆ ಹುಡುಗಿ ನಂಬಿದಳು. ನಾನು ಲೆಕ್ಕ ಹೇಳಿಕೊಟ್ಟೆ. ಹೇಳಿಕೊಡುವಾಗ ನೀನು ಸರಿಮಾಡುತ್ತಿದ್ದ ಆ ಗೋಡೆ ಗಡಿಯಾರವೇ ನೆನಪಾಗುತ್ತಿತ್ತು.

ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನು ಆ ಮಗುವಿನ ಎದುರಿಗೇ, ನನ್ನ ಬಾಯಿಂದಲೇ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಅತ್ತಿಗೆ ಎನ್ನದಿದ್ದರೂ ಸರಿ.