ಹೋಟೆಲ್ ಅಂದರೆ ಊಟ

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಹೋಟೆಲಿನಲ್ಲಿ. ಹುಬ್ಬಳ್ಳಿಯ ಹೋಟೆಲಿನಲ್ಲಿ ಲೋಟ ತೊಳೆದೆ, ಮುಂಬೈಯ ಹೋಟೆಲಿನಲ್ಲಿ ದೋಸೆ ಹುಯ್ದೆ, ಅಮೆರಿಕಕ್ಕೆ ಬಂದು ಎಡಿಸನ್ನಿನ ಹೋಟೆಲಿನಲ್ಲಿ ವರ್ಷಗಟ್ಟಲೆ ಇನ್ನೊಬ್ಬರ ಒಲೆಯ ಮುಂದೆ ನಿಂತೆ. ಈ ಮೂರು ಕಡೆಯೂ ಯಾರೂ ಮಲಗಲು ಬಂದದ್ದಿಲ್ಲ. ತಿನ್ನಲು ಬರುತ್ತಿದ್ದರು, ತಿಂದು ಹೋಗುತ್ತಿದ್ದರು. ನಮ್ಮ ಭಾಷೆಯಲ್ಲಿ ಹೋಟೆಲ್ ಅಂದರೆ ಅಷ್ಟೇ. ಮಲಗುವ ಜಾಗಕ್ಕೆ ಲಾಡ್ಜ್ ಅನ್ನುತ್ತೇವೆ. ಇದು ಗೊತ್ತಿಲ್ಲದ ಕನ್ನಡದವನನ್ನು ನಾನು ಇದುವರೆಗೆ ಕಂಡಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಮುಖ ಮಾಡಿದವನೊಬ್ಬನನ್ನು ಕಂಡಿದ್ದೇನೆ. ಎದುರಿಗೆ ಸಿಕ್ಕರೆ ಅವನಿಗೆ ಸಾರ್ ಅನ್ನುತ್ತೇನೆ. ಬರೆಯುವಾಗ ಏಕವಚನವೇ ಬರುತ್ತದೆ, ಬರಲಿ.

ಎಡಿಸನ್ನಿನಿಂದ ಓಲ್ಡ್ ಬ್ರಿಡ್ಜ್ ಎಂಬ ಊರು ದಾಟಿ ಸ್ವಲ್ಪ ಮುಂದೆ ನಮ್ಮ ಟೌನು. ಅಲ್ಲಿನ ಒಂದು ಸ್ಟ್ರಿಪ್ ಮಾಲ್‌ನಲ್ಲಿ, ಲಾಂಡ್ರಿಗೂ ಹಲ್ಲಿನ ಡಾಕ್ಟರಿಗೂ ನಡುವೆ, ಕಾರ್ಪೆಟ್ ಅಂಗಡಿ ಮುಚ್ಚಿಹೋಗಿ ಖಾಲಿ ಬಿದ್ದಿದ್ದ ಜಾಗವನ್ನು ಹೋದ ವರ್ಷ ಲೀಸಿಗೆ ಹಿಡಿದೆ. ಒಲೆ ಎಲ್ಲಿ ಬರಬೇಕು, ಎಕ್ಸಾಸ್ಟ್ ಎಲ್ಲಿ ಬರಬೇಕು ಎಂದು ಕಂಟ್ರಾಕ್ಟರ್ ಕೇಳುತ್ತಿದ್ದ. ನಾನು ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದು ಸ್ಟೇಜಿಗೆ. ಆಮೇಲೆ ಒಲೆಯನ್ನು ಆ ಸ್ಟೇಜ್ ಕಾಣುವ ಕಡೆ ಇಡಿಸಿದೆ. ನಡುವೆ ಗೋಡೆ ಬೇಡ ಅಂದೆ.

ಅದಕ್ಕೆ ಕಾರಣ ಇದೆ. ಇಲ್ಲಿ ನಮ್ಮವರ ಹಾಡು ನಡೆಯುವುದು ಬೇಸ್‌ಮೆಂಟಿನಲ್ಲಿ, ಇಲ್ಲವೇ ದೀಪಾವಳಿಗೋ ರಾಜ್ಯೋತ್ಸವಕ್ಕೋ ಬಾಡಿಗೆಗೆ ಹಿಡಿದ ಸ್ಕೂಲಿನ ಆಡಿಟೋರಿಯಮ್ಮಿನಲ್ಲಿ. ಅಂಥ ಎಷ್ಟೋ ಕಾರ್ಯಕ್ರಮಗಳಿಗೆ ಊಟ ಕೊಟ್ಟವನು ನಾನು. ಬಿಸಿಬೇಳೆಬಾತಿನ ಟ್ರೇಗಳನ್ನು ಹಿಂದಿನ ಬಾಗಿಲಿನಿಂದ ಹೊತ್ತು ತಂದು ಜೋಡಿಸುತ್ತಿರುವಾಗ ಒಳಗಿನಿಂದ ಹಾಡು ಬರುತ್ತಿತ್ತು. ಯಾರಾದರೂ ಬಾಗಿಲು ತೆರೆದರೆ ಒಂದು ಸಾಲು ಹೊರಗೆ ಬರುತ್ತಿತ್ತು, ಬಾಗಿಲು ಮುಚ್ಚಿದರೆ ಅಲ್ಲಿಗೇ ನಿಲ್ಲುತ್ತಿತ್ತು. ಹಾಗೆ ತುಂಡು ತುಂಡಾಗಿ ಎಷ್ಟು ಹಾಡು ಕೇಳಿದ್ದೇನೋ, ಪೂರ್ತಿಯಾಗಿ ಒಂದೂ ಇಲ್ಲ. ಹಾಡು ಮುಗಿಯುವ ಹೊತ್ತಿಗೆ ಎಲ್ಲರಿಗೂ ಹಸಿವು. “ಭಟ್ರೇ, ಮೊಸರನ್ನ ಎಲ್ಲಿ?” ಎಂದು ಕೂಗು. ನಾನು ಭಟ್ಟನಲ್ಲ. ಸೌಟು ಹಿಡಿದವರೆಲ್ಲ ಇವರಿಗೆ ಭಟ್ಟರೇ.

ಹುಬ್ಬಳ್ಳಿಯಲ್ಲಿ ಹಾಗಿರಲಿಲ್ಲ. ಬಟ್ಟೆ ಅಂಗಡಿಯ ಗುಮಾಸ್ತರೊಬ್ಬರು ಸಂಜೆ ಹಾರ್ಮೋನಿಯಂ ತಂದು ನಮ್ಮ ಹೋಟೆಲಿನ ಮೂಲೆಯ ಬೆಂಚಿನ ಮೇಲೆ ಕೂತು ಹಾಡುತ್ತಿದ್ದರು. ಜನ ಇನ್ನೊಂದು ಚಹಾ ತರಿಸಿಕೊಂಡು ಕೂರುತ್ತಿದ್ದರು. ಲೋಟ ತೊಳೆಯುವ ನಾನು ನಲ್ಲಿಯನ್ನು ಸಣ್ಣಗೆ ಮಾಡಿ ಕೇಳುತ್ತಿದ್ದೆ. ಮಾಲೀಕರಿಗೆ ಅದು ಗೊತ್ತಿತ್ತು, ಬೈಯುತ್ತಿರಲಿಲ್ಲ. ಅಂಥ ಒಂದು ಹೋಟೆಲ್ ನನ್ನದಾಗಬೇಕು, ನನ್ನ ಒಲೆಯ ಮುಂದೆ ನಿಂತೇ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು. ನನಗೆ ಬೇಕಾಗಿದ್ದದ್ದು ಇಷ್ಟು.

ಗಾಜಿಗೆ ಕಂದು ಕಾಗದ ಅಂಟಿಸಿದ ದಿನದಿಂದ ಸುತ್ತಮುತ್ತಲಿನ ನಮ್ಮವರಲ್ಲಿ ಅದೇ ಮಾತು. ಕಾಗದದ ಮೂಲೆ ಕಿತ್ತು ಇಣುಕುವರು. ನಾನು ಟೇಪು ಹಚ್ಚುವೆ, ಅವರು ಮತ್ತೆ ಕೀಳುವರು. ಕೊನೆಗೆ ನಾನೇ ಒಂದು ಮೂಲೆಯನ್ನು ಹಾಗೇ ಬಿಟ್ಟೆ, ನೋಡಿಕೊಳ್ಳಲಿ ಎಂದು. ಧಾರವಾಡದ ಅಕ್ಕ ಒಬ್ಬರಿದ್ದಾರೆ, ಆಸ್ಪತ್ರೆಯಲ್ಲಿ ಡಾಕ್ಟರು. ಒಂದು ದಿನ ಪಕ್ಕದಲ್ಲಿ ಹಲ್ಲು ತೋರಿಸಿಕೊಂಡು, ಅರ್ಧ ಬಾಯಿ ಮರಗಟ್ಟಿದ್ದರೂ ನೆಟ್ಟಗೆ ನನ್ನ ಹತ್ತಿರ ಬಂದರು.

“ಅಣ್ಣಾರ, ಜ್ವಾಳದ ರೊಟ್ಟಿ ಇಡ್ತೀರೋ ಇಲ್ಲೋ, ಮೊದ್ಲ ಹೇಳ್ರಿ. ಬರೇ ಇಡ್ಲಿ ದ್ವಾಸಿ ಅಂದ್ರ ನಾ ಬರಂಗಿಲ್ಲ.”

“ಇಡ್ತೇನೆ ಅಕ್ಕ. ಮೊದಲು ನಿಮ್ಮ ಹಲ್ಲು ಸರಿಯಾಗಲಿ.”

“ಹಲ್ಲು ಇಲ್ದಿದ್ರೂ ತಿಂತೀನ್ರಿ. ನೀವು ಮಾಡ್ರಿ ಸಾಕು.”

ಆಮೇಲೆ ಅವನು, ಮೊದಲೇ ಹೇಳಿದೆನಲ್ಲ. ನಮ್ಮ ಮಾಲ್‌ನ ಹಿಂದಿನ ಬೇಲಿಯಾಚೆ ಅವನ ಮನೆ. ಮೈಸೂರಿನವನು, ದಿನಾ ರೈಲು ಹಿಡಿದು ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವ ದೊಡ್ಡ ಎಂಜಿನಿಯರ್. ತಲೆಯಲ್ಲಿ ನನಗಿಂತ ಕಡಿಮೆ ಕೂದಲು, ಆದರೂ ನಾನು ಅವನಿಗೆ ಅಂಕಲ್. ಸಂಜೆ ವಾಕ್ ಹೊರಟವನು ತಪ್ಪದೆ ಒಳಗೆ ಬಂದು ಆ ಸೀಮೆಸುಣ್ಣದ ಗೆರೆಯ ಒಳಗೇ ನಿಲ್ಲುತ್ತಿದ್ದ.

“ಅಂಕಲ್, ನನ್ನ ಮಗಳಿಗೆ ಫಸ್ಟ್ ಸ್ಲಾಟ್. ಪ್ರಾಮಿಸ್ ಮಾಡಿ. ಬೇಸ್‌ಮೆಂಟಲ್ಲಿ ಹಾಡಿ ಹಾಡಿ ಅವಳಿಗೂ ಬೇಜಾರಾಗಿದೆ, ಕೇಳಿ ಕೇಳಿ ನಮಗೂ ಬೇಜಾರಾಗಿದೆ.”

“ಇದು ನಿಮ್ಮದೇ ಹೋಟೆಲ್ ಸಾರ್. ಅವಳೇ ಮೊದಲು.”

“ನಮ್ಮ ಹಿತ್ತಲಲ್ಲೇ ಹೋಟೆಲ್! ನೋಡಿ, ಎಲ್ಲರಿಗೂ ಹೇಳ್ಬಿಡ್ತೀನಿ.”

ಹೇಳಿಯೂ ಬಿಟ್ಟ. ಅವನ ಪಕ್ಕದ ಮನೆಯಲ್ಲಿ ಒಬ್ಬರು ಅಮೆರಿಕನ್ ಅಜ್ಜಿ, ಒಬ್ಬರೇ ಇರುವವರು, ಜೊತೆಗೊಂದು ನಾಯಿ. ಅವರಿಗೆ ಬೇಲಿಯ ಮೇಲಿಂದ ಇಂಗ್ಲಿಷಿನಲ್ಲಿ ಹೇಳಿದನಂತೆ: ನಮ್ಮ ಹಿಂದೆ ಹೋಟೆಲ್ ಬರುತ್ತಿದೆ, ವೀಕೆಂಡಿನಲ್ಲಿ ಲೈವ್ ಮ್ಯೂಸಿಕ್, ತುಂಬಾ ಜನ ಬರುತ್ತಾರೆ! ಆ ಅಜ್ಜಿ ಏನು ತಿಳಿದುಕೊಂಡಿರಬೇಡ? ಹಾಸಿಗೆ, ಸೂಟ್‌ಕೇಸು, ಹೊತ್ತಲ್ಲದ ಹೊತ್ತಿನಲ್ಲಿ ಬಂದು ಹೋಗುವ ಕಾರುಗಳು. ಅವರು ಆ ಕಡೆಯ ಮನೆಗೆ ಹೇಳಿದರು, ಆ ಮನೆಯವರು ಇನ್ನೊಂದು ಮನೆಗೆ. ಬೇಲಿಯ ಉದ್ದಕ್ಕೂ ಅದೇ ಸುದ್ದಿ. ನನಗೆ ಇದೊಂದೂ ಗೊತ್ತಾಗಲಿಲ್ಲ.

ಅವನು ಹಾಗೆ ಹೇಳಿದ್ದಕ್ಕೆ ನನ್ನ ಸಿಟ್ಟಿಲ್ಲ. ಎಷ್ಟು ಡಿಗ್ರಿ ಮಾಡಿದ್ದರೂ ಖುಷಿಯಾದಾಗ ನಮ್ಮವರ ಬಾಯಿಗೆ ಬರುವ ಮಾತು ಹೋಟೆಲ್. ನನ್ನ ಸಿಟ್ಟು ಆಮೇಲಿನದಕ್ಕೆ.

ಸ್ಟೇಜಿಗೆ ಟೌನಿನ ಬೋರ್ಡಿನವರ ಒಪ್ಪಿಗೆ ಬೇಕಿತ್ತು. ಎಲ್ಲರೆದುರು ಕೇಳಿ ತೀರ್ಮಾನ ಮಾಡುತ್ತಾರೆ. ನನ್ನ ಲಾಯರಮ್ಮ ಮೊದಲೇ ಹೇಳಿದ್ದರು: ಊಟಕ್ಕೆ ತೊಂದರೆ ಇಲ್ಲ, ಹಾಡಿಗೆ ನೆರೆಯವರು ಬೇಡ ಅಂದರೆ ಕಷ್ಟ, ಅಕ್ಕಪಕ್ಕದವರು ನಾಲ್ಕು ಜನ ಎದ್ದು ನಿಂತು ಬೇಕು ಅಂದರೆ ಒಳ್ಳೆಯದು. ನಾಲ್ಕು ಜನ ಏನು, ನಲವತ್ತು ಜನ ಬರುತ್ತಾರೆ ಅಂದೆ ನಾನು. ವಾಟ್ಸಾಪಿನಲ್ಲಿ ಹಾಕಿದೆ. ಹೆಬ್ಬೆರಳುಗಳ ಮಳೆಯೇ ಬಿತ್ತು. ಧಾರವಾಡದ ಅಕ್ಕ ಮಾತ್ರ ಫೋನ್ ಮಾಡಿ, “ನಂದು ಡ್ಯೂಟಿ ಐತ್ರಿ, ಬರಾಕಾಗಂಗಿಲ್ಲ, ಸಿಟ್ಟಾಗಬ್ಯಾಡ್ರಿ” ಅಂದರು. ಹಾಗೆ ಹೇಳುವವರ ಮೇಲೆ ಸಿಟ್ಟು ಬರುತ್ತದೆಯೇ? ಹೆಬ್ಬೆರಳು ತೋರಿಸಿ ಮನೆಯಲ್ಲಿ ಕೂತವರ ಮೇಲೆ ಬಂತು. ಜೋಳದ ರೊಟ್ಟಿ ಬೇಕು, ನೀರುದೋಸೆ ಬೇಕು, ಮಗನಿಗೆ ತಬಲಾ ಬಾರಿಸಲು ಜಾಗ ಬೇಕು, ಒಂದು ಸಂಜೆ ಬಂದು ಒಂದು ಮಾತು ಆಡಲು ಆಗುವುದಿಲ್ಲ.

ಬೋರ್ಡಿನ ಸಭೆಗೆ ನಮ್ಮ ಪೈಕಿ ಬಂದವನು ಆ ಮೈಸೂರಿನವನೊಬ್ಬನೇ. ಹಿಂದಿನ ಸಾಲಿನಲ್ಲಿ ಕೂತಿದ್ದ, ಕೈ ಎತ್ತಿ ಸನ್ನೆ ಮಾಡಿದ. ನನಗೂ ನನ್ನ ಹೆಂಡತಿಗೂ ಎಷ್ಟು ಧೈರ್ಯ ಬಂತು ಅಂದರೆ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೇಲಿಯಾಚೆಯ ಅಮೆರಿಕನ್ನರು ಮಾತ್ರ ಬಹಳ ಜನ ಬಂದಿದ್ದರು. ಮೊದಲು ಎದ್ದವರು ಆ ಅಜ್ಜಿ. ಕೋಲು ಊರಿ ಮೈಕಿನ ಹತ್ತಿರ ಹೋಗಿ ನನ್ನನ್ನೇ ನೋಡುತ್ತ ಹೇಳಿದರು: “ಈ ಮನುಷ್ಯ ಸತ್ಯ ಹೇಳುತ್ತಿಲ್ಲ. ಅರ್ಜಿಯಲ್ಲಿ ರೆಸ್ಟೋರೆಂಟ್ ಅಂತ ಬರೆದಿದ್ದಾರೆ. ಕಟ್ಟುತ್ತಿರುವುದು ಹೋಟೆಲ್.”

ಒಬ್ಬರ ಹಿಂದೆ ಒಬ್ಬರು ಎದ್ದು ಅದನ್ನೇ ಹೇಳಿದರು. ಮಕ್ಕಳಿರುವ ಬೀದಿ, ಹೋಟೆಲ್ ಬೇಡ. ಮೊದಲು ಹಾಡು ಅನ್ನುತ್ತಾರೆ, ನಾಳೆ ರೂಮು ಕಟ್ಟುತ್ತಾರೆ. ಅಡುಗೆಗೆ ಉಪ್ಪು ಹೆಚ್ಚಾಯಿತು ಅಂತ ಬೈಸಿಕೊಂಡಿದ್ದೇನೆ, ಸುಳ್ಳುಗಾರ ಅಂತ ಯಾರೂ ಅಂದಿರಲಿಲ್ಲ. ಬೋರ್ಡಿನ ಅಧ್ಯಕ್ಷರು ಅಜ್ಜಿಯನ್ನು ಕೇಳಿದರು, ನಿಮಗೆ ಇದನ್ನು ಹೇಳಿದ್ದು ಯಾರು ಎಂದು. ಅಜ್ಜಿ ಕೋಲು ಎತ್ತಿ ಹಿಂದಿನ ಸಾಲಿನ ಕಡೆ ತೋರಿಸಿದರು. “ನನ್ನ ಪಕ್ಕದ ಮನೆಯವರು. ಅವರೂ ಅದೇ ದೇಶದವರು, ಅವರಿಗೆ ಗೊತ್ತಿರಬೇಕಲ್ಲ?”

ಎಲ್ಲರೂ ತಿರುಗಿ ನೋಡಿದರು. ಅವನು ಎದ್ದ. ನನ್ನ ಎದೆ ಹಗುರವಾಯಿತು. ಒಂದೇ ಒಂದು ಮಾತು ಸಾಕಿತ್ತು: ನಮ್ಮ ಭಾಷೆಯಲ್ಲಿ ಹೋಟೆಲ್ ಅಂದರೆ ರೆಸ್ಟೋರೆಂಟ್, ನಾನು ಬಾಯಿ ತಪ್ಪಿ ಹೇಳಿದೆ, ಕ್ಷಮಿಸಿ. ಎಲ್ಲರೂ ನಕ್ಕು ಮನೆಗೆ ಹೋಗುತ್ತಿದ್ದರು.

ಅವನು ಅಂಗಿಯ ತೋಳು ಸರಿಮಾಡಿಕೊಂಡು, ಆಫೀಸಿನ ಇಂಗ್ಲಿಷಿನಲ್ಲಿ, ಮೆತ್ತಗೆ ಹೇಳಿದ: “ಓನರ್ ಹೇಳಿದ್ದನ್ನು ನಾನು ಹೇಳಿದೆ, ಅಷ್ಟೇ. ಅವರು ಯಾವಾಗಲೂ ಹೋಟೆಲ್ ಅಂತಲೇ ಅನ್ನುತ್ತಾರೆ. ಅವರ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ.”

ಹೇಳಿ ಕೂತ. ಫೋನ್ ತೆಗೆದು ನೋಡತೊಡಗಿದ.

ನನ್ನ ಹೆಂಡತಿ ನನ್ನ ಮೊಣಕೈ ಹಿಡಿದಳು. ಲಾಯರಮ್ಮ ನಾನು ಮಾತಾಡುತ್ತೇನೆ ಎಂದು ಎದ್ದರು. ನಾನು ಅವರನ್ನು ಕೂರಿಸಿ ನಾನೇ ಹೋದೆ. ನನ್ನ ಇಂಗ್ಲಿಷ್ ಎಕ್ಸಾಸ್ಟ್ ಫ್ಯಾನಿನ ಸದ್ದಿನ ಮೇಲೆ ಕೂಗಿ ಕೂಗಿ ಕಲಿತದ್ದು. ಮೈಕ್ ಬೇಕಾಗಲಿಲ್ಲ.

“ಹೌದು, ಹೋಟೆಲ್. ನಮ್ಮ ದೇಶದಲ್ಲಿ ಹೋಟೆಲ್ ಅಂದರೆ ಊಟ. ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ಯಾರೂ ಮಲಗುವುದಿಲ್ಲ. ಮಲಗಿದರೆ ನಾನೇ ಎಬ್ಬಿಸುತ್ತೇನೆ. ಇದು ನನ್ನ ಇಂಗ್ಲಿಷಿನ ತಪ್ಪಲ್ಲ. ಅಲ್ಲಿ ಕೂತಿದ್ದಾರಲ್ಲ, ಅವರ ಅಪ್ಪ, ಅವರ ಅಜ್ಜ, ಇಡೀ ಮೈಸೂರು ಹೋಟೆಲ್ ಅಂತಲೇ ಅನ್ನುವುದು. ಕೇಳಿ.”

ಯಾರೂ ಅವನನ್ನು ಕೇಳಲಿಲ್ಲ. ಅಜ್ಜಿ ನನ್ನನ್ನೇ ಕೇಳಿದರು: “ಹಾಗಾದರೆ ಮಲಗುವ ಜಾಗಕ್ಕೆ ಏನು ಅನ್ನುತ್ತೀರಿ?”

“ಲಾಡ್ಜ್.”

“ಲಾಡ್ಜ್?” ಅಜ್ಜಿಗೆ ನಗು ತಡೆಯಲಾಗಲಿಲ್ಲ. “ನನ್ನ ಗಂಡ ಜಿಂಕೆ ಬೇಟೆಗೆ ಹೋದಾಗ ಇರುತ್ತಿದ್ದದ್ದು ಲಾಡ್ಜಿನಲ್ಲಿ. ಅಲ್ಲಿ ಅವನು ಮಲಗುತ್ತಿದ್ದನೋ ಇಲ್ಲವೋ, ದೇವರಿಗೇ ಗೊತ್ತು.”

ಬೋರ್ಡಿನವರೂ ನಕ್ಕರು. ನನಗೆ ನಗು ಬರಲಿಲ್ಲ. ಹಾಡು ಎಷ್ಟು ಹೊತ್ತಿನವರೆಗೆ ಎಂದು ಅಜ್ಜಿ ಕೇಳಿದರು. ನೀವು ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ನಾನು ಕೇಳಿದೆ. ಒಂಬತ್ತೂವರೆ ಅಂದರು. ಹಾಗಾದರೆ ಒಂಬತ್ತಕ್ಕೆ ಬಂದ್ ಅಂದೆ. ಬೋರ್ಡಿನವರು ಅದನ್ನೇ ಹಿಡಿದರು: ಬಾಗಿಲು ಮುಚ್ಚಿರಬೇಕು, ಒಂಬತ್ತಕ್ಕೆ ನಿಲ್ಲಬೇಕು, ರೂಮು ಗೀಮು ಕೂಡದು. ಒಪ್ಪಿಗೆ ಸಿಕ್ಕಿತು. ಬೇಡ ಅನ್ನಲು ಬಂದ ಅಜ್ಜಿಯೂ ನಾನೂ ಸೇರಿ ಮುಗಿಸಿದ ಕೆಲಸ ಅದು. ಬೇಕು ಅನ್ನಲು ಬಂದವನು ಫೋನಿನಿಂದ ತಲೆ ಎತ್ತಲಿಲ್ಲ.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಓಡಿ ಬಂದ.

“ಕಂಗ್ರಾಟ್ಸ್ ಅಂಕಲ್! ಸೂಪರಾಗಿ ಮಾತಾಡಿದ್ರಿ. ಏನೂ ಅನ್ಕೋಬೇಡಿ, ಆ ಸಿಚುವೇಶನ್ ಹ್ಯಾಂಡಲ್ ಮಾಡೋಕೆ ಹಾಗಂದೆ. ನಾವು ಇಲ್ಲೇ ಇರ್ಬೇಕಲ್ವಾ, ಅಕ್ಕಪಕ್ಕದವರ ಜೊತೆ.”

“ನಾನೂ ಇಲ್ಲೇ ಇರಬೇಕು ಸಾರ್.”

“ಅದೇ, ಅದೇ. ಮತ್ತೆ ಮಗಳ ಫಸ್ಟ್ ಸ್ಲಾಟ್ ಮರೀಬೇಡಿ.”

ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. ತನ್ನಿಂದ ಏನಾಯಿತು ಎಂದು ಅವನಿಗೆ ತಿಳಿದೇ ಇರಲಿಲ್ಲವೋ, ತಿಳಿದರೂ ಅಡುಗೆಯವನಿಗೆ ಅಷ್ಟೆಲ್ಲ ಮರ್ಯಾದೆ ಇರುತ್ತದೆ ಅಂತ ಹೊಳೆಯಲಿಲ್ಲವೋ. ಬಾಯಿಗೆ ಬರಬಾರದ್ದೆಲ್ಲ ಬಂತು. ನುಂಗಿಕೊಂಡು ಒಂದೇ ಮಾತು ಹೇಳಿದೆ.

“ರೂಮ್ ಖಾಲಿ ಇಲ್ಲ ಸಾರ್.”

“ಏನು?”

“ಹೋಟೆಲ್ ಅಲ್ಲವಾ. ರೂಮ್ ಎಲ್ಲ ಫುಲ್. ನಮಸ್ಕಾರ.”

ಕಾರಿನಲ್ಲಿ ನನ್ನ ಹೆಂಡತಿ ಮೊದಲು ನಕ್ಕಳು, ಸಿಗ್ನಲ್ ದಾಟಿದ ಮೇಲೆ ನಗು ನಿಲ್ಲಿಸಿದಳು. ನಾವು ಕರಾವಳಿಯವರು, ಅವಳ ಮಾತು ಇನ್ನೂ ಊರಿನದೇ. “ಅಲ್ಲ ಮಾರಾಯ್ರೆ, ಆ ಹುಡುಗಿ ಎಂತ ಮಾಡಿದ್ದು? ಅಪ್ಪ ಬಾಯಿ ಮುಚ್ಚಿಕೊಂಡದ್ದಕ್ಕೆ ಅದೂ ಬಾಯಿ ಮುಚ್ಚಿಕೊಳ್ಳಬೇಕಾ?”

“ಅವನು ಬಾಯಿ ಮುಚ್ಚಿಕೊಂಡಿದ್ದರೆ ಪರವಾಗಿರಲಿಲ್ಲ.”

“ಅದು ಹೌದು. ಆದರೂ ನೀವು ಮಾತು ಕೊಟ್ಟದ್ದಲ್ಲವಾ?”

ಕೊಟ್ಟದ್ದು ಹೌದು. ಮರುದಿನ ಫೋನ್ ಮಾಡಿ, ಮಗಳು ಬರಲಿ, ಅವಳೇ ಮೊದಲು ಹಾಡುತ್ತಾಳೆ ಅಂದೆ. ಅವನಿಗೆ ಬಹಳ ಖುಷಿ. ಎಲ್ಲ ಸರಿಹೋಯಿತು ಎಂದುಕೊಂಡಿದ್ದಾನೆ. ಸರಿಹೋಗಿಲ್ಲ. ಒಪ್ಪಿಗೆ ಸಿಕ್ಕಿದ್ದರಿಂದ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ, ಅದೂ ಇಳಿದಿಲ್ಲ. ಸ್ಟೇಜಿನ ಹಲಗೆಗೆ ನಾನು ಮೊಳೆ ಹೊಡೆಯುವಾಗ ಕಂಟ್ರಾಕ್ಟರ್, ಇಷ್ಟು ಜೋರಾಗಿ ಹೊಡೆಯಬೇಕಾಗಿಲ್ಲ ಎಂದು ಸುತ್ತಿಗೆ ಕಸಿದುಕೊಂಡ.

ಈಗ ಹಲಗೆ ಕೆಲಸ ಮುಗಿದಿದೆ, ಗಾಜಿನ ಕಾಗದ ಇನ್ನೂ ತೆಗೆದಿಲ್ಲ. ಅಂಗಡಿಯ ಹೆಸರಿನ ಬೋರ್ಡ್ ಬರೆಯುವವನು ಇಂಗ್ಲಿಷಿನಲ್ಲಿ ರೆಸ್ಟೋರೆಂಟ್ ಎಂದು ಬರೆದಿದ್ದಾನೆ, ಅದು ಕಾನೂನಿಗೆ. ಅದರ ಮೇಲೆ ಕನ್ನಡದಲ್ಲಿ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ಹೋಟೆಲ್ ಎಂದು ಬರೆಸಿದ್ದೇನೆ, ಅದು ನನಗೆ. ಅಜ್ಜಿ ನಾಯಿ ಕರೆದುಕೊಂಡು ಬಂದಾಗಲೆಲ್ಲ ಹರಿದ ಮೂಲೆಯಲ್ಲಿ ಇಣುಕಿ, “ಹೋಟೆಲ್ ಯಾವಾಗ?” ಎಂದು ಕೇಳುತ್ತಾರೆ. ಮೊದಲ ದಿನಕ್ಕೆ ಅವರಿಗೆ ಮುಂದಿನ ಟೇಬಲ್ ಇಟ್ಟಿದ್ದೇನೆ. ಅವನನ್ನೂ ಅದೇ ಟೇಬಲಿಗೆ ಕೂರಿಸುತ್ತೇನೆ, ಅವರ ಪಕ್ಕದಲ್ಲೇ.

ಹುಡುಗಿಯನ್ನು ಸ್ಟೇಜಿಗೆ ಕರೆಯುವವನು ನಾನೇ. ಚೆನ್ನಾಗಿ ಇಂಗ್ಲಿಷ್ ಬರುವ ಯಾರಾದರೂ ಮಾತಾಡಲಿ ಎಂದು ಅವನು ಹೇಳಿ ಕಳಿಸಿದ್ದಾನೆ, ತಾನೇ ತಯಾರಿದ್ದಾನಂತೆ. ಬೇಡ. ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬಂದು, ನನಗೆ ಬರುವ ಇಂಗ್ಲಿಷಿನಲ್ಲಿ, ಅವನ ಮುಖ ನೋಡಿಕೊಂಡೇ ಹೇಳುತ್ತೇನೆ, ವೆಲ್‌ಕಮ್ ಟು ಮೈ ಹೋಟೆಲ್ ಅಂತ. ಆಮೇಲೆ ಒಲೆಯ ಮುಂದೆ ಹೋಗಿ ನಿಂತು ಅವನ ಮಗಳ ಹಾಡನ್ನು ಪೂರ್ತಿ ಕೇಳುತ್ತೇನೆ.