ಮೀನಿನತ್ತೆ ನೆನೆಸಿದ ಮೇವು

ನಮ್ಮಕ್ಕನಿಗೆ ಮೀನು ಸಾಕಣೆಯವರು ಇಟ್ಟ ಹೆಸರು ಮೀನಿನತ್ತೆ. ಹೊಟ್ಟೆ ತುಂಬ ಹಾಕುತ್ತಾಳೆ, ಹಾಕುವಷ್ಟು ಹೊತ್ತೂ ಬೈಯುತ್ತಾಳೆ. ತೊಟ್ಟಿಯ ಅಂಚಿನಲ್ಲಿ ನಿಂತು "ಏ ಗುಂಡಾ, ಸಣ್ಣೋರಿಗೂ ಬಿಡೋ" ಎಂದು ಗದರುವುದನ್ನು ಕೇಳಿದರೆ ನೀರೊಳಗೆ ನಮ್ಮ ಬಂಧುಬಳಗವೇ ಇದೆ ಅನ್ನಿಸಬೇಕು. ಮೇವಿನ ಶೆಡ್ಡು ಅವಳ ರಾಜ್ಯ. ಜರಡಿ ಹಿಡಿಯುವ ತಂಗಿ ನಾನು, ಆ ರಾಜ್ಯದ ಏಕೈಕ ಪ್ರಜೆ.

ಮೊದಲೆಲ್ಲ ಮೇವಿಗೆ ಒಣಮೀನಿನ ಪುಡಿ ಹಾಕುತ್ತಿದ್ದೆವು. ಅದು ಸಿಗುವುದೇ ಕಷ್ಟವಾದಾಗ ಯಜಮಾನರು ಶೆಡ್ಡು ಮುಚ್ಚಿ ಹೊರಗಿನಿಂದ ಸಿದ್ಧ ಮೇವು ತರಿಸುವ ಮಾತೆತ್ತಿದರು. ಅಕ್ಕ ಸೊಂಟಕ್ಕೆ ಕೈಯಿಟ್ಟು, "ಸೋಯಾ ಹಿಂಡಿಲೇ ಬೆಳೆಸಿ ತೋರಿಸ್ತೀನಿ, ಒಂದು ತೊಟ್ಟಿ ಕೊಡಿ" ಅಂದಳು. ಕೊಟ್ಟರು. ಆ ತೊಟ್ಟಿಯ ಮೀನು ತೂಕ ಬರದಿದ್ದರೆ ಶೆಡ್ಡಿನ ಜೊತೆ ನಮ್ಮಿಬ್ಬರ ಕೆಲಸವೂ ಹೋಗುತ್ತದೆ ಅಂತಲೂ ಹೇಳಿದರು.

ಮಿಶ್ರಣ ಹೇಳಿಕೊಡಲು ಮೀನಿನ ಡಾಕ್ಟರಮ್ಮ ಬಂದರು. "ಸೋಯಾದಲ್ಲಿ ಮೆಥಿಯೊನಿನ್ ಅನ್ನೋ ಅಮೈನೋ ಆಮ್ಲ ಕಮ್ಮಿ. ಅದೊಂದು ಸಾಲದೇ ಹೋದ್ರೆ ಮಿಕ್ಕಿದ್ದು ಎಷ್ಟು ತಿಂದ್ರೂ ಮೈಗೆ ಹತ್ತಲ್ಲ" ಎಂದು ಬಿಳಿ ಪುಡಿಯ ಡಬ್ಬ ಕೊಟ್ಟರು. ಮುಚ್ಚಳ ತೆಗೆದರೆ ಕೊಳೆತ ಎಲೆಕೋಸಿನ ವಾಸನೆ. ಮೂಗು ಮುಚ್ಚಿಕೊಂಡೇ ಹಿಟ್ಟಿಗೆ ಕಲಸಿದೆವು, ಗುಳಿಗೆ ಒತ್ತಿ ಒಣಗಿಸಿದೆವು.

ಮೀನುಗಳು ಮುಗಿಬಿದ್ದು ತಿಂದವು. ಬೆಳೆಯಲಿಲ್ಲ. ತಲೆ ದಪ್ಪ, ಮೈ ಬಡಕಲು. "ಆಯಮ್ಮನ ಪುಡಿನೇ ಸರಿಯಿಲ್ಲ" ಎಂದು ಅಕ್ಕ ಕಂಡಕಂಡವರ ಹತ್ತಿರವೆಲ್ಲ ಹೇಳಿದಳು. ತನ್ನಿಂದಲೂ ತಪ್ಪಾಗಬಹುದು ಎಂಬ ಯೋಚನೆ ಅವಳ ಹತ್ತಿರವೂ ಸುಳಿಯುವುದಿಲ್ಲ. ಯಜಮಾನರೂ ಅವಳ ಮಾತನ್ನೇ ನಂಬಿದರು.

ಗಟ್ಟಿ ಗುಳಿಗೆ ಮೀನಿನ ಬಾಯಿಗೆ ಒತ್ತುತ್ತದೆ ಎಂದು ಅದನ್ನು ಬಕೆಟ್ಟಿನಲ್ಲಿ ನೆನೆಸಿ, ನೀರು ಬಸಿದು ಹಾಕುವುದು ನಮ್ಮಮ್ಮ ಕಲಿಸಿದ ರೂಢಿ. ಒಂದು ಬೆಳಿಗ್ಗೆ ಹಾಗೆ ಬಸಿಯುತ್ತಿದ್ದ ಅಕ್ಕ ತಟ್ಟನೆ ನಿಂತಳು.

"ಇಲ್ಲಿ ಬಾ. ಈ ನೀರು ಮೂಸು."

ಮೂಸಿದೆ. ಅದೇ ಎಲೆಕೋಸು.

"ಈಗ ಗುಳಿಗೆ ಮೂಸು."

ಬರೀ ಸೋಯಾ ವಾಸನೆ.

ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹಿಟ್ಟಿಗೆ ಕಲಸಿದ ಪುಡಿಯೆಲ್ಲ ನೀರಿಗೆ ಬಿಟ್ಟುಕೊಂಡು, ದಿನಾ ನಮ್ಮ ಕೈಯಿಂದಲೇ ಮೋರಿ ಸೇರುತ್ತಿತ್ತು.

"ನೆನೆಸೋದು ಬಿಟ್ಬಿಡಣ. ಯಾರಿಗೆ ಗೊತ್ತಾಗುತ್ತೆ?" ಎಂದೆ. ಕೆಲಸದ ಭಯ ನನ್ನನ್ನು ಹಾಗೆ ಆಡಿಸಿತು.

"ಆಯಮ್ಮನ ಹೆಸರು ಕೆಡಿಸಿದ್ದು ಊರಿಗೆಲ್ಲ ಗೊತ್ತಲ್ಲ" ಎಂದವಳೇ ಬಕೆಟ್ ಹಿಡಿದು ನೆಟ್ಟಗೆ ಆಫೀಸಿಗೆ ನಡೆದಳು. ಯಜಮಾನರ ಮೇಜಿನ ಮೇಲೇ ಅದನ್ನು ಕುಕ್ಕಿದಳು. "ತಪ್ಪು ಪುಡಿದಲ್ಲ, ನಂದು. ಡಾಕ್ಟರಮ್ಮಂಗೆ ಫೋನ್ ಹಚ್ಚಿ, ನಾನೇ ಹೇಳ್ತೀನಿ."

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, "ನೆನೆಸ್ತೀರಾ ಅಂತ ನಾನೂ ಕೇಳಬೇಕಿತ್ತು. ಒಣಗಿದ್ದನ್ನೇ ಹಾಕಿ. ಒಂದೇ ಸಲ ಸುರೀಬೇಡಿ, ತಿಂದಂಗೆ ಹಾಕಿ" ಅಂದರು. ಯಜಮಾನರು ಗೊಣಗುತ್ತಲೇ ಇನ್ನೊಂದಿಷ್ಟು ಸಮಯ ಕೊಟ್ಟರು.

ಮೀನುಗಳ ಬೆನ್ನು ತುಂಬಿಕೊಂಡಿತು. ತೂಕದ ದಿನ ಬಲೆ ಎತ್ತಲು ಇಬ್ಬರು ಸಾಲದೆ ಯಜಮಾನರೇ ಪ್ಯಾಂಟು ಮಡಚಿ ಇಳಿದರು. "ಎಲ್ಲಾ ತೊಟ್ಟಿಗೂ ಇದೇ ಮೇವು ಮಾಡಿ" ಎಂದರು. ನಾನು ಅತ್ತುಬಿಟ್ಟೆ.

ಅಕ್ಕ ಅವತ್ತು ಯಾರ ಹತ್ತಿರವೂ ಜಂಬ ಕೊಚ್ಚಲಿಲ್ಲ. ಬಕೆಟ್ಟನ್ನು ತೊಟ್ಟಿಯ ಅಂಚಿಗೆ ಬೋರಲು ಹಾಕಿ ಅದರ ಮೇಲೆ ಕೂತು, ಒಣ ಗುಳಿಗೆಯನ್ನು ಸ್ವಲ್ಪಸ್ವಲ್ಪವೇ ಎರಚಿದಳು. ಬೈಯಲೂ ಇಲ್ಲ.

"ಬಾಯಿಂದ ಕಿತ್ಕೊಂಡಿದ್ದು ನಾನೇ ಕಣ್ರೋ" ಎಂದಳು ಮೀನುಗಳಿಗೆ. "ತಿನ್ನಿ."