ಬಾಗಿಲ ಕೆಳಗೆ ಎರಡು ಬೆರಳು

ತಾನು ತಪ್ಪಿದೆನೆಂದು ಒಪ್ಪಿಕೊಳ್ಳುವ ಅಭ್ಯಾಸ ಅವರಿಗೆ ಇರಲಿಲ್ಲ. ಇನ್ನೊಬ್ಬರು ತಪ್ಪಿದ್ದನ್ನು ನೋಡಿ ಸುಮ್ಮನಿರುವ ಅಭ್ಯಾಸವಂತೂ ಮೊದಲೇ ಇರಲಿಲ್ಲ. ಇಂಥ ಮನುಷ್ಯರು ಕಾರ್ಖಾನೆಗೆ ಉಪಯುಕ್ತ, ಮನೆಗೆ ಕಷ್ಟ.

ಮೂವತ್ತೊಂದು ವರ್ಷ ಅವರು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಹಿಂದೆ ಕೂತಿದ್ದರು. ಉಕ್ಕಿನ ದಂಡವನ್ನು ಒಂದು ಉಂಗುರದೊಳಗೆ ತೂರಿಸಿ ನೋಡುವುದು ಕೆಲಸ. ತೂರಿದರೆ ಪಾಸು, ತೂರದಿದ್ದರೆ ಕೆಂಪು ಬಣ್ಣದ ಗೀಟು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡುತ್ತಿರಲಿಲ್ಲವಾಗಿ ಕೆಲಸಗಾರರು ಅವರಿಗೆ ‘ಕೂದಲೆಳೆ’ ಎಂದು ಹೆಸರಿಟ್ಟಿದ್ದರು. ತಲೆಯ ಮೇಲೆ ಒಂದೆಳೆಯೂ ಉಳಿಯದ ಕಾಲಕ್ಕೂ ಹೆಸರು ಉಳಿದಿತ್ತು.

ನಿವೃತ್ತರಾದಾಗ ಕೆಂಪು ಬಣ್ಣದ ಡಬ್ಬಿಯನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದರು; ಕಣ್ಣನ್ನು ಬಿಟ್ಟು ಬರಲಾಗಲಿಲ್ಲ. ಹೆಂಡತಿ ಕಿಟಕಿಯ ಪರದೆ ಹೊಲಿದರೆ ಅದರ ಅಂಚು ಎಡಕ್ಕೆ ಇಳಿದಿರುವುದು ಅವರಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಹೆಂಡತಿಯ ತಮ್ಮ ಸಾಲುಸಾಲು ಜನರನ್ನು ಕರೆದು ಹೊಸ ಮನೆ ತೋರಿಸುತ್ತಿದ್ದಾಗ, ಎಲ್ಲರೂ ಹೊಗಳಿ ಮುಗಿಸಿದ ಮೇಲೆ, ಮೆಟ್ಟಿಲಿನ ಏಳನೆಯ ಹಂತ ಮಿಕ್ಕವಕ್ಕಿಂತ ಎತ್ತರವಾಗಿದೆ ಎಂದು ಹೇಳಿದರು. ಅಲ್ಲಿಯವರೆಗೆ ಅದನ್ನು ಯಾರೂ ಗಮನಿಸಿರಲಿಲ್ಲ. ಆಮೇಲೆ ಬಂದವರೆಲ್ಲ ಏಳನೆಯ ಹಂತದಲ್ಲೇ ಎಡವತೊಡಗಿದರು. ತಮ್ಮ ಅದನ್ನು ಮರೆಯಲಿಲ್ಲ.

ಕೂದಲೆಳೆಯ ಮನೆಯಲ್ಲಿ ಅವರಿಗೆ ಸರಿಸಮನಾಗಿ ನಿಲ್ಲುತ್ತಿದ್ದವರು ಅತ್ತೆಯೊಬ್ಬರೇ. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಅವರನ್ನು ಊರು ಈಗಲೂ ‘ದೊಡ್ಡ ಟೀಚರ್’ ಎಂದೇ ಕರೆಯುತ್ತಿತ್ತು. ಮಂಡಿ ಕೈಕೊಟ್ಟ ಮೇಲೆ, ಎರಡು ವರ್ಷದ ಹಿಂದೆ, ಮಗಳ ಮನೆಗೆ ಬಂದಿದ್ದರು. ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯನ್ನು ತೆರವು ಮಾಡಿ ಅವರಿಗೆ ಕೊಟ್ಟಿದ್ದರು. ಅದಕ್ಕೆ ಚೌಕಟ್ಟಿತ್ತು, ಬಾಗಿಲಿರಲಿಲ್ಲ. ಎಡಕ್ಕೆ ಇಳಿದ ಒಂದು ಪರದೆ ಇತ್ತು.

ದೊಡ್ಡ ಟೀಚರಿಗೆ ಕಿವಿ ಮಂದವಾಗಿತ್ತು. ಇದು ಮಗಳಿಗೆ ಗೊತ್ತು, ದೊಡ್ಡ ಟೀಚರಿಗೆ ಗೊತ್ತು, ಮಗಳಿಗೆ ಗೊತ್ತಿದೆ ಎನ್ನುವುದೂ ಅವರಿಗೆ ಗೊತ್ತು. ಒಮ್ಮೆ ಮಾತ್ರ ಮಗಳು ಕಿವಿಯ ಡಾಕ್ಟರ ಸುದ್ದಿ ಎತ್ತಿದ್ದಳು. ನೀವೆಲ್ಲ ಬಾಯಲ್ಲಿ ಹತ್ತಿ ಇಟ್ಟುಕೊಂಡು ಮಾತಾಡಿದರೆ ಡಾಕ್ಟರು ಏನು ಮಾಡಬೇಕು ಎಂದು ಕೇಳಿ, ದೊಡ್ಡ ಟೀಚರ್ ಒಂದು ವಾರ ಅವಳೊಡನೆ ಮಾತು ಬಿಟ್ಟಿದ್ದರು. ಅದಕ್ಕೆ ಕಾರಣವಿತ್ತು. ಅವರ ಅಕ್ಕನಿಗೆ ಕಿವಿ ಹೋದಾಗ ಮನೆಮಂದಿಯೆಲ್ಲ ಆಕೆ ಒಂದು ಕಪಾಟೇನೋ ಎಂಬಂತೆ ಆಕೆಯ ತಲೆಯ ಮೇಲಿಂದಲೇ ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕಣ್ಣಾರೆ ನೋಡಿದವರು ಇವರು. ಎದುರಿಗೆ ಕೂತವರ ತುಟಿ ನೋಡಿ ಸಂಭಾಳಿಸುವುದನ್ನು ಕಲಿತಿದ್ದರು. ಅಳಿಯನ ಜೊತೆ ಆ ಕಷ್ಟವೂ ಇರಲಿಲ್ಲ. ಯಂತ್ರಗಳ ಗದ್ದಲದಲ್ಲಿ ಪಳಗಿದ ಆ ಗಂಟಲು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಅವರಿಬ್ಬರೂ ದಿನವೂ ಜಗಳವಾಡುತ್ತಿದ್ದುದಕ್ಕೆ, ದಿನವೂ ಮತ್ತೆ ಜಗಳಕ್ಕೆ ಕೂರುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಬಾಗಿಲಿನ ಮಾತು ಬಂದದ್ದು ವಿದ್ಯುತ್ ಮೀಟರ್ ಓದುವವನಿಂದ. ಮೀಟರು ಇದ್ದದ್ದು ಆ ಕೋಣೆಯ ಗೋಡೆಯಲ್ಲಿ. ಅವನು ಪರದೆಯಾಚೆಯಿಂದ ಮೂರು ಸಲ ಕೂಗಿದ. ಉತ್ತರ ಬರದಿದ್ದಾಗ ಕೋಣೆ ಖಾಲಿಯೆಂದುಕೊಂಡು ಪರದೆ ಸರಿಸಿದ. ದೊಡ್ಡ ಟೀಚರ್ ಸೀರೆ ಬದಲಿಸುತ್ತಿದ್ದರು. ಮೀಟರ್ ಓದದೆಯೇ ಅವನು ಓಡಿದ; ಆ ತಿಂಗಳ ಬಿಲ್ಲು ಅಂದಾಜಿನ ಮೇಲೆ ಬಂತು.

ಸಂಜೆ ದೊಡ್ಡ ಟೀಚರ್ ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ವೃದ್ಧಾಶ್ರಮವೊಂದರ ವಿವರಗಳ ಹಾಳೆ. ಅದರಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದರು.

“ಇಲ್ಲಿ ಪ್ರತಿ ಕೋಣೆಗೂ ಬಾಗಿಲಿದೆ. ಒಳಗಿಂದ ಚಿಲಕ ಇದೆ. ತಿಂಗಳ ಕೊನೆಯವರೆಗೂ ನೋಡ್ತೀನಿ, ಆಮೇಲೆ ಹೊರಡ್ತೀನಿ.”

ಅವರು ಹೇಳಿದ್ದನ್ನು ಮಾಡುವವರೆಂದು ಮಗಳಿಗೆ ಗೊತ್ತಿತ್ತು. ರಾತ್ರಿ ಊಟ ಸೇರಲಿಲ್ಲ ಅವಳಿಗೆ. ಕೂದಲೆಳೆ ಮಾತ್ರ ಬೇಡಿಕೆ ನ್ಯಾಯವಾಗಿದೆ ಎಂದು ಹೇಳಿ, ಟೇಪು ಹುಡುಕಿಕೊಂಡು ಹೋದರು.

ಮೊದಲು ಸಿದ್ಧ ಬಾಗಿಲು ನೋಡಲು ಬಡಗಿಯ ಅಂಗಡಿಗೆ ಹೋದರು. ಅಲ್ಲಿ ನಿಲ್ಲಿಸಿದ್ದ ಏಳು ಬಾಗಿಲುಗಳಿಗೂ ಮೂಲೆಮಟ್ಟ ಹಿಡಿದು ನೋಡಿ ಏಳನ್ನೂ ತಿರಸ್ಕರಿಸಿದರು. ಬಡಗಿ ತಾಳ್ಮೆಯವನು.

“ಸಾರ್, ನಿಮಗೆ ಬೇಕಾಗಿರೋದು ಬಾಗಿಲೋ ಗಡಿಯಾರವೋ?” ಎಂದ.

ಅವನ ಹತ್ತಿರವೇ ಒಣಗಿದ ಮರ ಕೊಂಡು, ಒಂದು ಹತ್ತರಿಯನ್ನೂ ಎರಡು ಉಳಿಗಳನ್ನೂ ಎರವಲು ಕೇಳಿ, ಅವುಗಳಿಗೆ ಸಾಣೆ ಸಾಲದೆಂದು ಅಲ್ಲೇ ಹೇಳಿ, ಮನೆಗೆ ಬಂದರು.

ಮರವನ್ನು ಹದಿನೈದು ದಿನ ದೊಡ್ಡ ಟೀಚರ ಕೋಣೆಯಲ್ಲೇ ಗೋಡೆಗೆ ಒರಗಿಸಿಟ್ಟರು. ಎಲ್ಲಿ ಬಾಳಬೇಕೋ ಅಲ್ಲಿನ ಹವೆ ಮರಕ್ಕೆ ಒಗ್ಗಬೇಕು, ಇಲ್ಲವಾದರೆ ಆಮೇಲೆ ಸೊಟ್ಟಗಾಗುತ್ತದೆ ಎಂಬುದು ಅವರ ವಾದ. ಈ ಮನೆಯ ಹವೆ ಒಗ್ಗಲು ತನಗೇ ಎರಡು ವರ್ಷ ಹಿಡಿಯಿತು, ಮರಕ್ಕೆ ಹದಿನೈದೇ ದಿನ ಸಾಕೇ ಎಂದು ದೊಡ್ಡ ಟೀಚರ್ ಕೇಳಿದರು. ಆದರೂ ಗಡುವನ್ನು ಇನ್ನೊಂದು ತಿಂಗಳು ಮುಂದೂಡಿದರು.

ಆ ಹದಿನೈದು ದಿನವೂ ಕೂದಲೆಳೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮರದ ಅಗಲ ಅಳೆದು ಬರುತ್ತಿದ್ದರು. ಅಡುಗೆಮನೆಯಿಂದ ಹೆಂಡತಿಗೆ ಅವರ ಬೆನ್ನು ಕಾಣುತ್ತಿತ್ತು. ಪರದೆಯ ಹೊರಗೆ ನಿಂತು, ಗಂಟಲು ತಗ್ಗಿಸಿ, ಬರಲೇ ಎಂದು ಕೇಳಿ ಕಾಯುವರು. ಕೆಲವು ಸಲ ಬಹಳ ಹೊತ್ತು ಕಾಯುವರು. ಒಮ್ಮೊಮ್ಮೆ ಬಗ್ಗಿ ಪರದೆಯ ಅಂಚು ನೆಲದಿಂದ ಎಷ್ಟು ಮೇಲಿದೆಯೆಂದು ನೋಡುವರು. ಹೊಲಿಗೆಯ ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡು ಅವಳು ಮೂಗು ಮುರಿದು ಒಲೆಯ ಕಡೆ ತಿರುಗುತ್ತಿದ್ದಳು.

ಹಿತ್ತಲ ಜಗಲಿಯಲ್ಲಿ ಕೆಲಸ ಶುರುವಾಯಿತು. ಆ ಮನೆಯಲ್ಲಿ ಅಷ್ಟು ನೆಮ್ಮದಿಯ ದಿನಗಳನ್ನು ಅವಳು ಅದಕ್ಕೆ ಮುಂಚೆ ಕಂಡಿರಲಿಲ್ಲ. ತಪ್ಪು ಹುಡುಕುವ ಕಣ್ಣಿಗೆ ಮರ ಸಿಕ್ಕಿತ್ತು, ಮನೆಯವರು ಪಾರಾದರು. ಬೆಳಗಿನಿಂದ ಹತ್ತರಿಯ ಸರ್ರೆಂಬ ಸದ್ದು, ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆ, ಒಗೆದ ಬಟ್ಟೆಗೂ ಹತ್ತುವ ಮರದ ವಾಸನೆ. ಎರಡು ನಿಲುಪಟ್ಟಿ, ಮೂರು ಅಡ್ಡಪಟ್ಟಿ, ನಡುವೆ ಎರಡು ಹಲಗೆ. ಅಡ್ಡಪಟ್ಟಿಯ ತುದಿಯ ನಾಲಿಗೆಯನ್ನು ನಿಲುಪಟ್ಟಿಯ ಕಿಂಡಿಯೊಳಗೆ ಕೂರಿಸುವುದಕ್ಕೇ ಒಂದು ವಾರ ಹೋಯಿತು. ಕೈಯಿಂದ ಒತ್ತಿದರೆ ಹೋಗಬೇಕು, ಸುತ್ತಿಗೆ ಕೇಳಬಾರದು, ಅಲುಗಾಡಲೂ ಬಾರದು.

ದೊಡ್ಡ ಟೀಚರ್ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂರುತ್ತಿದ್ದರು. ಬಾಗಿಲು ತೂಗುವ ಕೀಲು ಎರಡು ಸಾಕು ಎಂದರು. ಮೂರು ಬೇಕು ಎಂದರು ಅಳಿಯ. ಅದರ ಮೇಲೆ ಮೂರು ದಿನ ವಾದ ನಡೆಯಿತು, ಇಬ್ಬರಿಗೂ ಹಸಿವು ಚೆನ್ನಾಗಿ ಆಯಿತು. ಹಲಗೆಗಳನ್ನು ತೋಡಿನೊಳಗೆ ಇಳಿಸುವಾಗ ಕೂದಲೆಳೆ ಅಂಟು ಹಚ್ಚಲಿಲ್ಲ. ಮರೆತಿರೇನು ಎಂದು ದೊಡ್ಡ ಟೀಚರ್ ಆಸೆಯಿಂದ ಕೇಳಿದರು.

“ಮರ ಉಬ್ಬುತ್ತೆ, ಕುಗ್ಗುತ್ತೆ. ಅಂಟಿಸಿಬಿಟ್ರೆ ಸೀಳುತ್ತೆ. ಅದಕ್ಕೆ ಆಡೋಕೆ ಸ್ವಲ್ಪ ಜಾಗ ಬಿಡಬೇಕು, ಅತ್ತೆ.”

“ಮರಕ್ಕಾದರೂ ಬಿಟ್ರಲ್ಲ.”

ಒಳಗಿದ್ದ ಮಗಳಿಗೆ ನಗು ತಡೆಯಲಾಗಲಿಲ್ಲ.

ಆ ನಗು ನಾಲ್ಕು ದಿನ ಉಳಿಯಿತು. ಬಾಗಿಲು ಬಹುಮಟ್ಟಿಗೆ ಮುಗಿದು ಗೋಡೆಗೆ ಒರಗಿ ನಿಂತಿತ್ತು. ಕೂದಲೆಳೆ ಮರಳುಕಾಗದ ತರಲು ಹೋಗಿದ್ದರು. ಮಧ್ಯಾಹ್ನ ಬಟ್ಟೆ ತೆಗೆಯಲು ಬಂದ ಮಗಳು ಮರದ ನುಣುಪು ನೋಡಿ ಸುಮ್ಮನೆ ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟಿದಳು. ಸದ್ದು ತುಂಬಿ ಬಂತು. ಒಂದು ಮಾರು ದೂರದಲ್ಲಿ, ಬೆನ್ನು ಹಾಕಿ ಕೂತು ಪತ್ರಿಕೆ ಓದುತ್ತಿದ್ದ ಅಮ್ಮ ಹಾಳೆ ತಿರುಗಿಸಿದರು. ಅವಳು ಇನ್ನೂ ಜೋರಾಗಿ ತಟ್ಟಿದಳು. ಅಮ್ಮ ಓದುತ್ತಲೇ ಇದ್ದರು.

ಅವಳಿಗೆ ಆಗ ಹೊಳೆಯಿತು. ಪರದೆಯಿದ್ದರೆ ಯಾರಾದರೂ ಒಳಗೆ ಹೋಗಿ ಎದುರಿಗೆ ನಿಲ್ಲಬಹುದು. ಬಾಗಿಲು ಬಂದರೆ ತಟ್ಟಬೇಕು. ತಟ್ಟಿದ್ದು ಕೇಳಿಸದಿದ್ದರೆ, ಚಿಲಕ ಹಾಕಿದ್ದರೆ, ಹೊರಗೆ ನಿಂತವರು ಕೂಗುತ್ತಾರೆ, ಗಾಬರಿಯಾಗುತ್ತಾರೆ, ಬಾಗಿಲು ಗುದ್ದುತ್ತಾರೆ. ಎರಡೇ ದಿನದಲ್ಲಿ ಬೀದಿಗೆಲ್ಲ ತಿಳಿಯುತ್ತದೆ. ಅಮ್ಮ ಇಲ್ಲಿ ನಿಲ್ಲಲೆಂದು ಮಾಡಿದ ಬಾಗಿಲೇ ಅಮ್ಮನನ್ನು ಹೊರಡಿಸುತ್ತದೆ.

ಗಂಡನಿಗೆ ಹೇಳಬಹುದಿತ್ತು. ಹೇಳಿದರೆ ಅವರೇನು ಮಾಡುತ್ತಾರೆಂಬುದೂ ಗೊತ್ತಿತ್ತು. ಊಟದ ಹೊತ್ತಿಗೆ, ಆ ಗಂಟಲಿನಲ್ಲಿ, ಅತ್ತೆ ನಿಮಗೆ ಕಿವಿ ಕೇಳುವುದಿಲ್ಲ ಎಂದು ಗೀಟು ಎಳೆಯುತ್ತಾರೆ. ಆದ್ದರಿಂದ ಸುತ್ತು ಬಳಸಿ, ವಯಸ್ಸಾದವರು ಒಳಗೆ ಬಿದ್ದರೆ ಕಷ್ಟ, ಚಿಲಕ ಬೇಡವೇನೋ ಎಂದಳು. ಅವರು ಮರಳುಕಾಗದ ಉಜ್ಜುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು.

“ಚಿಲಕ ಕೇಳಿದ್ದಾರೆ. ಇರುತ್ತೆ.”

ಅವಳು ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಬಾಗಿಲನ್ನು ಬೆಣೆಗಳ ಮೇಲೆ ಚೌಕಟ್ಟಿನಲ್ಲಿ ನಿಲ್ಲಿಸಿ ನೋಡಿದರು. ಮೇಲೆ, ಎಡಕ್ಕೆ, ಬಲಕ್ಕೆ ಒಂದು ನಾಣ್ಯ ಹೋಗುವಷ್ಟು ಸಂದು; ಕೆಳಗೆ ಪೆನ್ಸಿಲ್ ಉರುಳುವಷ್ಟು. ನಾಣ್ಯವನ್ನೂ ಪೆನ್ಸಿಲನ್ನೂ ಹಿಡಿದುಕೊಟ್ಟವಳು ಹೆಂಡತಿಯೇ. ಭಾನುವಾರ ಬೆಳಿಗ್ಗೆ ಜಗಲಿ ಗುಡಿಸುವಾಗ ಹೊಟ್ಟಿನ ನಡುವೆ ಒಂದು ಮರದ ಪಟ್ಟಿ ಸಿಕ್ಕಿತು. ಬಾಗಿಲಿನ ಅಗಲದಷ್ಟೇ ಉದ್ದ, ಗರಗಸದಿಂದ ನೂಲು ಹಿಡಿದಂತೆ ಕೊಯ್ದದ್ದು. ಯಾವುದೋ ಉಳಿಕೆ ಎಂದು ಒಲೆಯ ಕಟ್ಟಿಗೆಗೆ ಸೇರಿಸಿದಳು.

ಬಾಗಿಲು ಎತ್ತಿ ಹಿಡಿಯಲು ಹೆಂಡತಿಯ ತಮ್ಮ ಬಂದಿದ್ದ. ಎರವಲು ಕೊಟ್ಟ ಉಳಿಗಳ ನೆಪದಲ್ಲಿ ಬಡಗಿಯೂ ಬಂದಿದ್ದ. ಮೂರು ಕೀಲುಗಳಿಗೂ ಸ್ಕ್ರೂ ಬಿಗಿದು, ಕೂದಲೆಳೆ ಹಿಂದೆ ಸರಿದರು. ಬಾಗಿಲು ಬೆರಳ ತುದಿಯಲ್ಲಿ ತಿರುಗಿತು. ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು. ಮುಚ್ಚಿದರೆ ಪುಸ್ತಕ ಮುಚ್ಚಿದಷ್ಟೇ ಸದ್ದು. ಬಡಗಿ ಮೇಲಿಂದ ಕೆಳಗೆ ಕೈಯಾಡಿಸಿದ. ಕೆಳಗೆ ಬಂದಾಗ ಅವನ ಕೈ ನಿಂತಿತು.

ತಮ್ಮ ಕುಕ್ಕುರುಗಾಲಿನಲ್ಲಿ ಕೂತು ಎರಡು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಗಿಲ ಕೆಳಗೆ ತೂರಿಸಿದ. ಬೆರಳು ಆರಾಮವಾಗಿ ಹೋದವು. ಏಳನೆಯ ಮೆಟ್ಟಿಲಿನ ಋಣ ತೀರಿಸುವ ಗಳಿಗೆ ಬಂತೆಂದು ಅವನ ಮುಖ ಅರಳಿತು.

“ಭಾವ, ಇದರಲ್ಲಿ ಬೆಕ್ಕಿನ ಮರಿ ಓಡಾಡಬಹುದು. ಅಳತೆ ತಪ್ಪಿತಾ?”

ಹೆಂಡತಿ ಬಗ್ಗಿ ಸಂದನ್ನು ನೋಡಿದಳು. ನಿನ್ನೆಯ ಪೆನ್ಸಿಲು ಅವಳ ನೆನಪಿನಲ್ಲಿತ್ತು. ಅವರು ತಪ್ಪು ನೆಲದ್ದೆನ್ನುತ್ತಾರೆ, ಟೇಪಿನದ್ದೆನ್ನುತ್ತಾರೆ ಎಂದು ಎಲ್ಲರೂ ಕಾದರು.

“ತಪ್ಪಿತು,” ಎಂದರು ಕೂದಲೆಳೆ.

ಬಡಗಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಕೆಳಗೆ ಒಂದು ಪಟ್ಟಿ ಹೊಡೆದರೆ ಮುಚ್ಚಿಹೋಗುತ್ತದೆ, ಐದು ನಿಮಿಷದ ಕೆಲಸ ಎಂದ. ಬೇಡ, ಹಾಗೇ ಇರಲಿ ಎಂದರು. ಅಳಿಯ ಸೋತದ್ದನ್ನು ದೊಡ್ಡ ಟೀಚರ್ ಎಲ್ಲರ ಮುಖಗಳಿಂದ ಓದಿಕೊಂಡು, ಮಗಳಿಂದ ವಿಷಯ ತಿಳಿದು, ನೂರಕ್ಕೆ ತೊಂಬತ್ತು ಅಂಕ ಕೊಟ್ಟರು. ಒಳಗೆ ಹೋಗಿ, ಮಗಳನ್ನೂ ಕರೆದುಕೊಂಡು, ಮೊದಲ ಸಲ ಚಿಲಕ ಹಾಕಿದರು.

ಅಮ್ಮ ಮಂಚದ ಮೇಲೆ ಕೂತರು, ಮಗಳು ಪಕ್ಕದಲ್ಲಿ. ಕೋಣೆ ಸ್ವಲ್ಪ ಕತ್ತಲಾಯಿತು. ಹೊರಗಿನ ನಡುಮನೆಯ ಬೆಳಕು ಬಾಗಿಲ ಕೆಳಗಿನಿಂದ ಒಳಗೆ ಬಂದು ನೆಲದ ಮೇಲೆ ಉದ್ದನೆಯ ಪಟ್ಟಿಯಾಗಿ ಮಲಗಿತ್ತು. ತಮ್ಮ ಹೊರಗೆ ಅತ್ತ ಹೋದ. ಎರಡು ಕಾಲಿನ ನೆರಳು ಆ ಬೆಳಕನ್ನು ಕತ್ತರಿಸಿಕೊಂಡು ಹೋಯಿತು. ಬಡಗಿ ಬಂದು ಒಂದು ಕ್ಷಣ ನಿಂತ. ನೆರಳೂ ಬಂದು ನಿಂತಿತು. ಅಮ್ಮನ ಕಣ್ಣು ನೆಲದ ಮೇಲಿತ್ತು. ಮಗಳ ಕಣ್ಣೂ ಅಲ್ಲೇ ಇತ್ತು. ಪರದೆಯ ಅಂಚನ್ನು ಬಗ್ಗಿ ನೋಡುತ್ತಿದ್ದ ಗಂಡನ ಬೆನ್ನು, ಹೊಟ್ಟಿನಲ್ಲಿ ಸಿಕ್ಕ ಪಟ್ಟಿ ಎರಡೂ ಅವಳ ಕಣ್ಣ ಮುಂದೆ ಬಂದವು. ಆ ಪಟ್ಟಿ ಬಾಗಿಲ ಅಡಿಯಿಂದಲೇ ಕೊಯ್ದದ್ದು.

ಸಂಜೆ ಅವಳು ಕಾಫಿ ಲೋಟ ಹಿಡಿದು ಹೋದಾಗ ಬಾಗಿಲು ಮುಚ್ಚಿತ್ತು. ತಟ್ಟಲು ಕೈ ಎತ್ತಿದ್ದಳು. ಹಿಂದಿನಿಂದ ಕೂದಲೆಳೆ ಬಂದು ಬೇಡವೆಂದು ತಲೆಯಾಡಿಸಿದರು. ನಡುಮನೆಯ ದೀಪ ಹಾಕಿದರು. ಬಾಗಿಲ ಮುಂದೆ ನಿಂತು, ಬಲಗಾಲನ್ನು ಸಂದಿನ ಹತ್ತಿರ ತಂದು, ಮೆಲ್ಲಗೆ ಅತ್ತಿತ್ತ ಆಡಿಸಿದರು. ಕೈ ಬೆನ್ನ ಹಿಂದೆ ಕಟ್ಟಿತ್ತು.

ಒಳಗೆ ಮಂಚ ಕಿರುಗುಟ್ಟಿತು. ಚಿಲಕ ಸರಿಯಿತು. ದೊಡ್ಡ ಟೀಚರ್ ನೆಟ್ಟಗೆ ನಿಂತು ಅಳಿಯನ ಮುಖವನ್ನೇ ನೋಡಿದರು.

“ತಟ್ಟಿದ್ದು ಕೇಳಿಸ್ತು. ಅದಕ್ಕೇ ಬಂದೆ.”

ಮೂವತ್ತೊಂದು ವರ್ಷದಲ್ಲಿ ಇಂಥ ತಪ್ಪೊಂದು ಕೂದಲೆಳೆಯ ಮೇಜು ದಾಟಿ ಹೋದದ್ದಿಲ್ಲ.

“ಜೋರಾಯ್ತೇನೋ,” ಎಂದರು.

“ಸ್ವಲ್ಪ. ನಾಳೆಯಿಂದ ಮೆಲ್ಲಗೆ ತಟ್ಟಿ.”

“ಆಗಲಿ ಅತ್ತೆ,” ಎಂದು ಹೆಂಡತಿಯ ಕೈಯಿಂದ ಲೋಟ ತೆಗೆದು ಅವರಿಗೆ ಕೊಟ್ಟರು.